ಬೇಕರಿ ವಾಸನೆ ಬರೋ ತನಕ

“ಅಮ್ಮಾ, ಆ ಉದ್ದ ಅಜ್ಜ ಯಾಕೆ ಗೋಡೆ ಹಿಡ್ಕೊಂಡೇ ನಡೀತಾರೆ? ಬಿಟ್ರೆ ಗೋಡೆ ಬಿದ್ದುಬಿಡತ್ತಾ?”

ಪಕ್ಕದ ಬೀದಿಯಲ್ಲಿ ಮಗಳು ಹೀಗೆ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಆ ಅಜ್ಜನೇ ಉತ್ತರ ಕೊಟ್ಟರು. “ಹೂಂ ಪುಟ್ಟಿ. ಪಾಪ, ಅದಕ್ಕೆ ನನ್ನ ಬಿಟ್ರೆ ಯಾರಿದ್ದಾರೆ?”

ಆ ಧ್ವನಿಗೆ ನನ್ನ ಕಾಲು ಗಕ್ಕನೆ ನಿಂತಿತು. ಹೈಸ್ಕೂಲಿನಲ್ಲಿ ನಮಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು. ಒಂಟೆ ಸರ್!

ಅವರ ಲ್ಯಾಬಿನಲ್ಲಿ ಕಂಪ್ಯೂಟರುಗಳು ಬೆರಳೆಣಿಕೆಯಷ್ಟು, ನಾವು ಕೋಣೆ ತುಂಬ. ಯಂತ್ರಗಳಿಗೆ ಧೂಳು ಕೂರದಂತೆ ಹೂಬಟ್ಟೆಯ ಮುಸುಕು, ಮೇಲೆ ಫ್ಯಾನು. ನಮ್ಮ ತರಗತಿಗೆ ಆ ಭಾಗ್ಯವಿರಲಿಲ್ಲ. ಅರ್ಧ ಜನ ಕೀಲಿ ಒತ್ತುವಾಗ ಉಳಿದವರು ಸುಮ್ಮನಿರುತ್ತಿದ್ದೆವೇ? ಅದಕ್ಕೆ ಸರ್ ತಾವೇ ಕಂಪ್ಯೂಟರ್ ಆಗುತ್ತಿದ್ದರು. ಕರವಸ್ತ್ರದಿಂದ ಕಣ್ಣು ಕಟ್ಟಿಕೊಂಡು, “ನನ್ನನ್ನ ಬಾಗಿಲಿಗೆ ಮುಟ್ಟಿಸಿ ನೋಡೋಣ. ಹೇಳಿದಷ್ಟೇ ಮಾಡ್ತೀನಿ. ಸ್ವಂತ ಬುದ್ಧಿ ಮನೇಲಿಟ್ಟು ಬಂದಿದೀನಿ” ಎನ್ನುತ್ತಿದ್ದರು.

ಮೊದಲ ಸಲ ನಾನೇ ನಡೆದು ಅಳೆದು, ಜಂಬದಿಂದ “ಹತ್ತು ಹೆಜ್ಜೆ ಮುಂದೆ” ಎಂದೆ. ಹತ್ತು ಮುಗಿಯುವ ಮೊದಲೇ ಸರ್ ಹಣೆ ಬಾಗಿಲಿಗೆ ಧಡ್ ಎಂದಿತು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು.

“ನಗ್ರಿ, ನಗ್ರಿ. ಒಂಟೆಗೆ ಇಲಿ ಹೆಜ್ಜೆ ಲೆಕ್ಕ ಕೊಟ್ರೆ ಇನ್ನೇನಾಗತ್ತೆ?” ಸರ್ ಹಣೆ ಉಜ್ಜಿಕೊಂಡರು. ನಾವಿಟ್ಟ ಅಡ್ಡಹೆಸರು ಅವರಿಗೂ ಗೊತ್ತೆಂದು ನಮಗೆ ತಿಳಿದದ್ದು ಆಗಲೇ. ಅವರು ಹಲಗೆಯ ಮೇಲೆ ದೊಡ್ಡದಾಗಿ ‘ತನಕ’ ಎಂದು ಬರೆದರು. “ಎಣಿಸಬೇಡಿ. ಕೈ ಮುಂದೆ ಚಾಚು, ಬಾಗಿಲು ತಾಗೋ ತನಕ ನಡಿ ಅನ್ನಿ. ಆಗ ಒಂಟೆನೂ ಮುಟ್ಟತ್ತೆ, ಇಲಿನೂ ಮುಟ್ಟತ್ತೆ.”

ಕಲಿತ ಪಾಠಗಳಲ್ಲಿ ಎಷ್ಟೋ ಗಾಳಿಗೆ ಹೋದವು, ಇದು ಉಳಿಯಿತು. ಮಗಳಿಗೆ ಉಣ್ಣಿಸುವಾಗ ಈಗಲೂ ನಾನು ತುತ್ತು ಎಣಿಸುವುದಿಲ್ಲ. ‘ಹೊಟ್ಟೆ ಸಾಕು ಅನ್ನೋ ತನಕ’ ಎನ್ನುತ್ತೇನೆ.

“ಸರ್, ನಿಮ್ಮ ಹಣೆ ಬಾಗಿಲಿಗೆ ಹೊಡೆಸಿದವಳು ನಾನು” ಎಂದೆ.

“ಇಲಿ!” ಮುಖ ಅರಳಿತು, ನೋಟ ಮಾತ್ರ ನನ್ನ ಕಿವಿಯ ಪಕ್ಕದಲ್ಲೆಲ್ಲೋ ಹೋಯಿತು. “ಈಗ ಕರವಸ್ತ್ರದ ಖರ್ಚೂ ಇಲ್ಲ ನೋಡು.”

ಹಿಂದೆ ಮನೆಯ ಗೇಟಿನಲ್ಲಿ ಅವರ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು, ತಮ್ಮನ ಎದೆಮಟ್ಟಕ್ಕೂ ಬಾರದ ಗಿಡ್ಡ ಅಜ್ಜಿ. “ಬೇಕರಿಗೆ ಒಬ್ಬನೇ ಹೋಗ್ತಾನಂತೆ, ಮಹರಾಯ! ಮೊನ್ನೆ ಚರಂಡೀಲಿ ಕಾಲಿಟ್ಟು ಬಂದ. ಇನ್ನೊಂದ್ಸಲ ಬಿದ್ರೆ ಗೇಟಿಗೆ ಬೀಗ, ಅಷ್ಟೇ.”

ಸರ್ ಬಗ್ಗಿ ಪಿಸುಗುಟ್ಟಿದರು. “ಹೆಜ್ಜೆ ಎಣಿಸಿ ಕೊಟ್ಟವಳು ಅವಳೇ. ಅವಳ ಹೆಜ್ಜೆ!”

ನಗು ತಡೆಯುವಷ್ಟರಲ್ಲಿ ಅವರ ಕೈ ತಡವರಿಸಿ ನನ್ನ ಕೈ ಹಿಡಿಯಿತು.

“ಒಂದು ಉಪಕಾರ ಮಾಡಮ್ಮ. ಬೀಗ ಬೀಳೋಕೆ ಮುಂಚೆ. ಪುಟ್ಟಿ ಕೈ ಹಿಡ್ಕೊಂಡು, ಕಣ್ಣು ಮುಚ್ಚಿ, ಇಲ್ಲಿಂದ ಬೇಕರಿಗೆ ಒಂದ್ಸಲ ಹೋಗಿ ಬಾ. ಎಲ್ಲಿ ಕೈಗೆ ಏನು ತಾಗತ್ತೆ, ಎಲ್ಲಿಂದ ವಾಸನೆ ಬರತ್ತೆ, ಎಲ್ಲ ನೋಡಿ ನಂಗೊಂದು ಪ್ರೋಗ್ರಾಮ್ ಮಾಡಿಕೊಡು, ಬಾಯಿಪಾಠ ಮಾಡ್ಕೋತೀನಿ. ಬರೀ ‘ತನಕ’ ಇರ್ಲಿ, ಹೆಜ್ಜೆ ಬೇಡ. ಚರಂಡಿ ಮರೀಬೇಡ.”