ನಾಕ್ಸೋಸಿನಲ್ಲಿ ಬಸ್ಸಿಗೆ ಕಾದದ್ದು

ಕಳೆದ ಭಾನುವಾರ ನಮ್ಮ ಬಾರಾನಗರದ ಓಣಿಗೆ ಸಾಣೆ ಹಿಡಿಯುವವನು ಬಂದಿದ್ದ. "ಛುರಿ-ಕಾಂಚಿ ಧಾರ್" ಎಂದು ಬಂಗಾಳಿಯಲ್ಲಿ ಕೂಗುತ್ತ, ಸೈಕಲ್ಲಿಗೇ ಸಾಣೆಯ ಚಕ್ರ ಕಟ್ಟಿಕೊಂಡು ತಿಂಗಳಿಗೊಮ್ಮೆ ಬರುತ್ತಾನೆ. ನಾನು ಅಡುಗೆಮನೆಯ ಈಳಿಗೆ ಕೊಟ್ಟು ಅಲ್ಲೇ ನಿಂತೆ. ಅವನು ಪೆಡಲ್ ತುಳಿದ, ಚಕ್ರ ತಿರುಗಿತು, ಕಿಡಿ ಹಾರಿತು, ಸುಟ್ಟ ಕಲ್ಲಿನ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಆ ವಾಸನೆ ಗೊತ್ತಿದ್ದೀತು. ಅದರಲ್ಲಿ ದುಃಖಪಡುವಂಥದ್ದು ಏನೂ ಇಲ್ಲ. ಆದರೆ ಈಳಿಗೆ ವಾಪಸು ಪಡೆಯುವಾಗ ನಾನು ಅಲಗನ್ನೇ ಹಿಡಿಯಹೋದೆ. "ದೀದಿ, ಹುಷಾರು" ಎಂದು ಅವನೇ ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಸಾಣೆಗೆ ಬೇಕಾಗುವ ಕಪ್ಪು ಕುರುಂದದ ಕಲ್ಲನ್ನು ಗುಡ್ಡ ಕೊರೆದು ತೆಗೆಯುತ್ತಿದ್ದ ಒಂದು ಊರನ್ನು ನಾನು ಎರಡು ವರ್ಷದ ಹಿಂದೆ ನೋಡಿದ್ದೆ. ಗ್ರೀಸ್ ದೇಶದ ನಾಕ್ಸೋಸ್ ದ್ವೀಪದಲ್ಲಿ. ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಇವತ್ತಿಗೂ ಬಾರದು. ಅಲ್ಲಿಗೆ ಹೋಗಬೇಕೆಂದವಳು ನಾನಲ್ಲ, ಅಣ್ಣ.

ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಅಥೆನ್ಸಿನಲ್ಲಿ ಒಂದು ಸಮ್ಮೇಳನಕ್ಕೆ ಕರೆದಿದ್ದರು. ಅಣ್ಣ ಗಾರ್ಡನ್ ರೀಚಿನ ಹಡಗುಕಟ್ಟೆಯಿಂದ ಆಗಷ್ಟೇ ನಿವೃತ್ತನಾಗಿದ್ದ. ಮದುವೆಯಾಗಲಿಲ್ಲ. ಮೂವತ್ತೈದು ವರ್ಷ ಹಡಗು ಕಟ್ಟಿದವನು ಹಡಗಿನಲ್ಲಿ ಕೂತು ಎಲ್ಲಿಗೂ ಹೋಗಿರಲಿಲ್ಲ. ಬಾ ಎಂದು ಎಳೆದುಕೊಂಡು ಹೋದೆ. ಸಮ್ಮೇಳನ ಮುಗಿಸಿ ಹಡಗು ಹತ್ತಿದೆವು. ಸಮುದ್ರ ನೋಡಲಿ ಎಂದರೆ ಅವನು ಕೆಳಗಿನ ಅಂತಸ್ತಿನಲ್ಲಿ ನಿಂತು ಗೋಡೆಯ ವೆಲ್ಡಿಂಗನ್ನು ಬೆರಳಿನಿಂದ ಸವರುತ್ತಿದ್ದ. "ಕೆಲಸ ಛಲೋ ಐತಿ" ಎಂದು ಸರ್ಟಿಫಿಕೇಟನ್ನೂ ಕೊಟ್ಟ.

ನನ್ನ ಬಳಿ ನೋಡಬೇಕಾದ ಸ್ಥಳಗಳ ಆರು ಪುಟದ ಪಟ್ಟಿ ಇತ್ತು, ಗಂಟೆಗಳ ಸಮೇತ. ಪಾಠ ಹೇಳುವವರಿಗೆ ಪ್ರವಾಸವೂ ಒಂದು ಪಠ್ಯಕ್ರಮವೇ. ಮೊದಲ ಸಂಜೆ ಬಂದರಿನ ಪಕ್ಕದ ಅಮೃತಶಿಲೆಯ ದೊಡ್ಡ ಬಾಗಿಲಿನ ಹತ್ತಿರ ಸೂರ್ಯಾಸ್ತ. ಗುಡಿ ಬಿದ್ದುಹೋಗಿ ಬಾಗಿಲೊಂದೇ ಉಳಿದಿದೆ. ಅದರ ಮುಂದೆ ನೂರಾರು ಜನ ಫೋನು ಎತ್ತಿ ಹಿಡಿದಿದ್ದರು. ನಾನೂ ಹಿಡಿದಿದ್ದೆ. ಅಣ್ಣ ಬೆನ್ನು ಮಾಡಿ ಗುಡ್ಡಗಳ ಕಡೆ ನೋಡುತ್ತಿದ್ದ.

"ನಾಳೆ ಬಸ್ಸು ಎಲ್ಲಿತನಕ ಹೋಗ್ತೈತಿ ಅಲ್ಲಿತನಕ ಹೋಗೂಣು ತಂಗಿ. ಅಲ್ಲಿ ಯಾರರೆ ಮನುಷ್ಯಾರು ಸಿಗ್ತಾರ."

ಹಾಗೆ ನನ್ನ ಪಟ್ಟಿ ಚೀಲದ ತಳ ಸೇರಿತು. ಮುಂದಿನ ಎರಡು ದಿನ ಪ್ರವಾಸಿಗಳು ಹೋಗದ ಕಡೆ ಹೋದೆವು. ಆಲಿವ್ ತೋಟದ ನಡುವೆ ಸಾವಿರ ವರ್ಷದ ಪುಟ್ಟ ಚರ್ಚೊಂದಿತ್ತು. ಬೀಗದಕೈ ಪಕ್ಕದ ಮನೆಯ ಅಜ್ಜಿಯ ಬಳಿ. ಆಕೆ ಬಾಗಿಲು ತೆಗೆದು, ಗೋಡೆಯ ಮೇಲಿನ ಮಸುಕಾದ ಸಂತರನ್ನು ತನ್ನ ನೆಂಟರೆಂಬಂತೆ ಒಬ್ಬೊಬ್ಬರನ್ನಾಗಿ ತೋರಿಸಿದಳು. ಇನ್ನೊಂದು ಕಡೆ ಹಣ್ಣಿನ ಗಿಡಗಳ ನೆರಳಿನಲ್ಲಿ ಕಲ್ಲಿನ ದೈತ್ಯ ವಿಗ್ರಹವೊಂದು ಅಂಗಾತ ಮಲಗಿತ್ತು. ಕೆತ್ತಿ ಸಾಗಿಸುವಾಗ ಕಾಲು ಮುರಿಯಿತಂತೆ, ಅಲ್ಲೇ ಬಿಟ್ಟು ಹೋದರಂತೆ. ಮುಖ ಕೂಡ ಪೂರ್ತಿಯಾಗಿರಲಿಲ್ಲ. ಅಣ್ಣ ಖುಷಿಯಾಗಿದ್ದ. ಹುಡುಗನಾಗಿದ್ದಾಗಲೂ ಅವನನ್ನು ನಾನು ಅಷ್ಟು ಖುಷಿಯಾಗಿ ಕಂಡ ನೆನಪಿಲ್ಲ.

ಮೂರನೆಯ ದಿನ ಹೋದದ್ದು ಗಣಿಯ ಊರಿಗೆ. ರಸ್ತೆಯ ಮೇಲ್ಗಡೆ ಗುಡ್ಡದ ಮೈಯಲ್ಲಿ ಕಪ್ಪು ಬಾಯಿಗಳು. ಕಲ್ಲು ತುಂಬಿದ ತೊಟ್ಟಿಗಳನ್ನು ತಂತಿಯ ಮೇಲೆ ಸಮುದ್ರಕ್ಕೆ ಇಳಿಸುತ್ತಿದ್ದ ಕಬ್ಬಿಣದ ಕಂಬಗಳು ತುಕ್ಕು ಹಿಡಿದು ಸಾಲಾಗಿ ನಿಂತಿದ್ದವು. ನಾವು ಬೆಳೆದದ್ದೂ ಉತ್ತರ ಕರ್ನಾಟಕದ ಒಂದು ಗಣಿಯ ಊರಿನಲ್ಲಿ. ಅಪ್ಪ ನೆಲದಡಿ ಡ್ರಿಲ್ಲು ಹಿಡಿಯುತ್ತಿದ್ದ. ಅಣ್ಣ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ, ಪುಪ್ಪುಸದ ತುಂಬ ಕಲ್ಲಿನ ಧೂಳು ತುಂಬಿಕೊಂಡು, ಅಪ್ಪ ಕೂತಲ್ಲೇ ಉಸಿರು ಕಟ್ಟಿ ತೀರಿಕೊಂಡ. ನನಗಾಗ ಹನ್ನೆರಡು ವರ್ಷ. ಆ ಕಂಬಗಳನ್ನು ನೋಡಿ ನಾವಿಬ್ಬರೂ ಅಪ್ಪನ ಹೆಸರು ಎತ್ತಲಿಲ್ಲ. ಅದು ನಮ್ಮ ಮನೆಯ ರೂಢಿ.

ಊರ ನಡುವೆ ಮರದ ಕೆಳಗೆ ಒಂದು ಕಾಫಿ ಅಂಗಡಿ. ನಡೆಸುವವಳು ನನ್ನದೇ ವಯಸ್ಸಿನವಳು. ಅಥೆನ್ಸಿನಲ್ಲಿ ಹೋಟೆಲ್ ಕೆಲಸ ಮಾಡಿದ್ದರಿಂದ ಇಂಗ್ಲಿಷ್ ಬರುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಮುದುಕ ಅವಳ ತಂದೆ, ಹೆಸರು ಯಾನಿಸ್. ನಾವು ಕಾಫಿ ಕುಡಿಯುತ್ತಿದ್ದಾಗ ಅವನು ಕೆಮ್ಮಿದ. ಒಣ ಕೆಮ್ಮು. ಕೊನೆಯಲ್ಲಿ ಸಣ್ಣಗೆ ಸಿಳ್ಳೆಯಂಥ ಶಬ್ದ, ಆಮೇಲೆ ಮುಂದಿನ ಉಸಿರಿಗಾಗಿ ಕಾಯುವಷ್ಟು ಹೊತ್ತಿನ ಮೌನ. ನಮ್ಮ ಮನೆಯಲ್ಲಿ ನಾಲ್ಕು ವರ್ಷ ಕೇಳಿದ ಕೆಮ್ಮು ಅದು. ಅಣ್ಣ ಕಪ್ಪು ಕೆಳಗಿಟ್ಟ.

"ಇವರಿಗೆ ಗಣಿ ಬಿಡಿ ಎಂದು ಯಾರೂ ಹೇಳಲಿಲ್ಲವೇ?" ಎಂದು ಅವಳನ್ನು ಇಂಗ್ಲಿಷಿನಲ್ಲಿ ಕೇಳಿದ.

"ಎಲ್ಲರೂ ಹೇಳಿದರು" ಎಂದಳು ಅವಳು. "ಹೇಳುವುದೇನು, ಅಪ್ಪನಿಗೇ ಗೊತ್ತಿತ್ತು. ಈ ಊರಲ್ಲಿ ಗೊತ್ತಿಲ್ಲದವರು ಯಾರು?"

ಮುದುಕ ಎದ್ದ. ಗಣಿಯ ಬಾಯಿ ತೋರಿಸುತ್ತೇನೆಂದು ಕೈಸನ್ನೆ ಮಾಡಿದ. ಅಣ್ಣ ಅವನ ರಟ್ಟೆ ಹಿಡಿದುಕೊಂಡು ಏರು ಹತ್ತಿದ. ನಾನು ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ಅಣ್ಣ ತಿರುಗಿ ಬಂದಾಗ ಅವನ ಅಂಗಿಯ ತೋಳಿಗೆಲ್ಲ ಕಪ್ಪು ಪುಡಿ ಹತ್ತಿತ್ತು, ಮೈಯಿಂದ ಸುಟ್ಟ ಕಲ್ಲಿನ ವಾಸನೆ ಬರುತ್ತಿತ್ತು. ಅಲ್ಲಿ ಕಲ್ಲನ್ನು ಕಲ್ಲಿಗೆ ಉಜ್ಜಿ ತೋರಿಸಿದನಂತೆ ಯಾನಿಸ್.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆ ಬದಿಯ ಮೋಟುಗೋಡೆಯ ಮೇಲೆ ಕೂತೆವು. ಕೆಳಗೆ ಬಹಳ ದೂರದಲ್ಲಿ ಸಮುದ್ರ.

"ಆ ಚೀಟಿ ನೆನಪೈತೇನು ನಿಂಗ?" ಎಂದ ಅಣ್ಣ. "ಇಲ್ಲ ಬಿಡು, ನೀ ಸಣ್ಣಾಕಿ ಇದ್ದಿ. ಅವ್ವ ಅಪ್ಪನ್ನ ಪ್ಯಾಟಿ ಡಾಕ್ಟರ್ ಕಡೆ ಕರ್ಕೊಂಡು ಹೋಗಿದ್ಲು. ಅವ್ರು ಇಂಗ್ಲಿಷ್‌ನ್ಯಾಗ ಒಂದು ಚೀಟಿ ಬರದು ಕೊಟ್ಟಿದ್ರು. ಅಪ್ಪ ನನ್ನ ಕೈಗೆ ಕೊಟ್ಟು ಓದು ಅಂದ."

ನಾನು ಅವನ ಕಡೆ ತಿರುಗಿ ಕೂತೆ.

"ಧೂಳು ಪುಪ್ಪುಸಕ್ಕ ಇಳದೈತಿ, ಇನ್ನ ಗಣಿಗೆ ಇಳಿಸಬ್ಯಾಡ್ರಿ, ಮ್ಯಾಲಿನ ಕೆಲಸ ಕೊಡ್ರಿ ಅಂತ ಬರದಿದ್ರು. ನಂಗ ಅದೇ ವಾರ ಸೀಟು ಬಂದಿತ್ತು. ಮ್ಯಾಲಿನ ಕೆಲಸದ ಪಗಾರ್‌ದಾಗ ನನ್ನ ಓದು ಆಗೂದಲ್ಲ ಅಂತ ಗೊತ್ತಿತ್ತು. ಕಫ ಆಗೈತಿ ಅಷ್ಟೇ ಅಂತ ಬರದಾರ ಅಪ್ಪಾ, ಅಂದೆ."

ಅವನು ಅಳಲಿಲ್ಲ. ತೋಳಿನ ಮೇಲಿನ ಕಪ್ಪನ್ನು ಉಜ್ಜುತ್ತಿದ್ದ. ಉಜ್ಜಿದಷ್ಟೂ ಅದು ಹರಡುತ್ತಿತ್ತು.

ಈಗ ನನ್ನ ಪಾಲಿನದನ್ನು ನಿಮಗೆ ಹೇಳಬೇಕು. ಅವ್ವ ಕೊನೆಯ ದಿನಗಳನ್ನು ಕಳೆದದ್ದು ಬಾರಾನಗರದ ನನ್ನ ಮನೆಯಲ್ಲಿ. ಒಂದು ಮಧ್ಯಾಹ್ನ ತಲೆ ಬಾಚಿಸಿಕೊಳ್ಳುತ್ತ, ಸಂಬಂಧವೇ ಇಲ್ಲದಂತೆ ಹೇಳಿದ್ದಳು: "ನಿಮ್ಮಪ್ಪಗ ಎಲ್ಲಾ ಗೊತ್ತಿತ್ತು. ಆ ಚೀಟಿ ಅವತ್ತು ಸಂಜಿಗೇ ಮಾಸ್ತರ ಕಡೆ ಓದಿಸ್ಕೊಂಡು ಬಂದಿದ್ರು. ಹುಡುಗ ಓದ್ಲಿ ಬಿಡು ಅಂದ್ರು. ನಿಮ್ಮಣ್ಣಗ ಹೇಳಬ್ಯಾಡ." ಯಾವ ಚೀಟಿ, ಯಾಕೆ ಹೇಳಬಾರದು ಎಂದು ನಾನು ಕೇಳಲಿಲ್ಲ. ಮುದುಕಿಯ ಮಾತು ಎಲ್ಲಿಂದಲೋ ಎಲ್ಲಿಗೋ ಹರಿಯುತ್ತಿದೆ ಎಂದುಕೊಂಡೆ. ಅದರ ಅರ್ಥ ಆದದ್ದು ಆ ಮೋಟುಗೋಡೆಯ ಮೇಲೆ.

ಅಲ್ಲೇ ಹೇಳಬಹುದಿತ್ತು. ಅಪ್ಪ ಸತ್ತದ್ದು ನಿನ್ನ ಸುಳ್ಳಿನಿಂದಲ್ಲ, ಅವನು ಗೊತ್ತಿದ್ದೇ ಇಳಿದ ಎಂಬ ಒಂದು ಮಾತು. ಹೇಳಲಿಲ್ಲ. ಅವ್ವನ ಆಣತಿ ಇತ್ತು ಎಂದರೆ ಅದು ನೆಪ. ನಿಜವೆಂದರೆ, ಆ ಹೊತ್ತಿನಲ್ಲಿ ಅಣ್ಣನ ಪಕ್ಕ ಕೂತಿದ್ದವಳು ಹನ್ನೆರಡು ವರ್ಷದ ಹುಡುಗಿ. ಅಪ್ಪನ ಬೆನ್ನು ನೀವುತ್ತ ಎಷ್ಟೋ ಸಂಜೆಗಳನ್ನು ಕಳೆದವಳು. ಅವಳಿಗೆ ಅಣ್ಣ ನೋಯಬೇಕೆನಿಸಿತ್ತು.

"ಬಸ್ ಬಂತು" ಎಂದೆ. ಬಂದಿತ್ತು ಕೂಡ.

ಆಮೇಲೆ ಎರಡು ವರ್ಷ ನಾವು ಫೋನಿನಲ್ಲಿ ರಕ್ತದೊತ್ತಡ, ಇಲಿಶ್ ಮೀನಿನ ದರ, ಪೂಜೆಯ ಗದ್ದಲ ಎಲ್ಲ ಮಾತಾಡಿದೆವು. ಅವನು ಇಳಿದುಹೋಗುತ್ತಿದ್ದ. ನಮ್ಮ ಮನೆಗೆ ಬರುವುದು ಕಡಿಮೆ ಮಾಡಿದ, ಊಟ ಬಿಟ್ಟ. ನನಗೆ ಕಾಣುತ್ತಿತ್ತು. ಔಷಧ ನನ್ನ ಬಳಿ ಇದೆ, ಯಾವಾಗ ಬೇಕಾದರೂ ಕೊಡಬಹುದು ಎಂಬ ಧೈರ್ಯದಲ್ಲಿ ನಾನಿದ್ದೆ. ಇದಕ್ಕೆ ಕ್ರೌರ್ಯವೆಂದು ಹೆಸರಿಡಲು ನನಗೆ ಮೊನ್ನೆಯ ತನಕ ಮನಸ್ಸು ಬಂದಿರಲಿಲ್ಲ.

ಭಾನುವಾರ ಈಳಿಗೆಯನ್ನು ಒಳಗಿಟ್ಟವಳೇ ಗಾರ್ಡನ್ ರೀಚಿಗೆ ಹೊರಟೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಗಂಟೆಯ ದಾರಿ. ಅಣ್ಣ ಬನಿಯನ್ನಿನಲ್ಲಿ ಬಾಗಿಲು ತೆಗೆದ. ಕೊರಳೆಲುಬು ಎದ್ದು ಕಾಣುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ.

"ಅಣ್ಣಾ, ಅಪ್ಪಗ ಗೊತ್ತಿತ್ತು. ಆ ಚೀಟಿ ಅವತ್ತೇ ಸಂಜಿಗೆ ಮಾಸ್ತರ ಕಡೆ ಓದಿಸ್ಕೊಂಡು ಬಂದಿದ್ನಂತ. ಹುಡುಗ ಓದ್ಲಿ ಅಂದ್ನಂತ. ಅವ್ವ ಹೇಳ್ಯಾಳ."

ಅವನು ಮಂಚದ ಅಂಚಿಗೆ ಕೂತ. ಹಗುರಾಗುತ್ತಾನೆ ಎಂದು ನಾನು ಮುಖವನ್ನೇ ನೋಡುತ್ತಿದ್ದೆ.

"ಅವತ್ತೇ ಸಂಜಿಗಾ?"

"ಹೂಂ."

ಮಂಚದ ಪಟ್ಟಿಯನ್ನು ಬೆರಳಿನಿಂದ ಸವರುತ್ತ ಹೇಳಿದ. "ಮರುದಿನ ಮುಂಜಾನೆ ಪಾಳಿಗೆ ಹೋಗುಮುಂದ ನನ್ನ ಕರದು ಬೆನ್ನ ಮ್ಯಾಲೆ ಕೈ ಇಟ್ಟಿದ್ದ ಅಪ್ಪ. ಇಂಗ್ಲಿಷ್ ಛಲೋ ಓದ್ತಿಯೋ ತಮ್ಮಾ, ಅಂದ. ನಲವತ್ತು ವರ್ಷದ ಮ್ಯಾಲಾತು. ಅದೊಂದು ಮಾತು ಇಟ್ಕೊಂಡಿದ್ದೆ ನಾ. ನನ್ನ ನಂಬಿದ್ದ ಅಂತ." ಕೈ ಹಿಂದಕ್ಕೆ ತೆಗೆದುಕೊಂಡ. "ಗೊತ್ತಿದ್ದೇ ಅಂದಿದ್ದನೇನು ಹಂಗಾರ."

ಅವ್ವ ಯಾಕೆ ಬೇಡವೆಂದಿದ್ದಳು ಎಂದು ನನಗೆ ಆಗ ತಿಳಿಯಿತು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಗ ಅಪ್ಪನ ಯಾವ ಮಾತನ್ನು ಹಿಡಿದುಕೊಂಡು ಬದುಕಿದ್ದಾನೆ ಎಂಬುದು ಆಕೆಗೆ ಗೊತ್ತಿತ್ತು.

ಅಣ್ಣ ತಲೆ ಎತ್ತಿದ. "ಇದನ್ನ ನಂಗ ಹೇಳು ಅಂದಿದ್ಲಾ ಅವ್ವ?"

"ಹೂಂ" ಎಂದೆ. "ಅಣ್ಣಗ ಹೇಳು, ಮನಸ್ಸಿಗೆ ಹಚ್ಕೋಬ್ಯಾಡ ಅನ್ನು, ಅಂದಿದ್ಲು."

ಒಂದು ಕ್ಷಣವೂ ತಡವಾಗಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಂತು. ಅಂದು ಚೀಟಿ ಹಿಡಿದಿದ್ದ ಹದಿನೇಳು ವರ್ಷದ ಹುಡುಗನ ಬಾಯಿಗೂ ಹೀಗೇ ಬಂದಿರಬೇಕು. ಅಣ್ಣ ನನ್ನನ್ನೇ ನೋಡುತ್ತಿದ್ದ. ನಂಬಿದನೋ, ನಂಬಿದಂತೆ ಇದ್ದನೋ, ನಾನು ಇನ್ನು ಕೇಳಲಾರೆ.

"ಹೌದಾ" ಎಂದು ಎದ್ದು, ಚಹಾ ಇಡಲು ಒಳಗೆ ಹೋದ.