ಅಕ್ಕೋರು ಹಚ್ಚಿದ ದೀಕ್ಷಾ

ಇದನ್ನು ಹೇಳುವುದನ್ನು ಐದಾರು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಅಂದು ನಾಲ್ವರು ಹಿರಿಯರೊಂದಿಗೆ ನಮ್ಮೂರ ಶಾಲೆಯ ಏಳನೇ ತರಗತಿಗೆ ಚಪ್ಪಲಿ ಸಮೇತ ನುಗ್ಗಿದೆ. ‘ಅಕ್ಕೋರು ನಮಗೆಲ್ಲಾ ದೀಕ್ಷಾ ಹಚ್ಚಿದ್ರು’ ಎಂದು ಅದೇ ತರಗತಿಯಲ್ಲಿದ್ದ ಮೊಮ್ಮಗಳು ತನ್ನ ಶಿಕ್ಷಕಿಯ ಬಗ್ಗೆ ಹೇಳಿದ್ದಳು. ಹಚ್ಚಿದರು ಎಂದ ಮೇಲೆ ವಿಭೂತಿಯೇ ಇರಬೇಕು! ಗುರುಗಳು ಮಠದಲ್ಲಿ ಕೊಡುವ ದೀಕ್ಷೆಯನ್ನು ಶಿಕ್ಷಕಿ ಶಾಲೆಯಲ್ಲಿ ಕೊಡುವುದೇ? ಶಾಲಾ ಸಮಿತಿಯ ಅಧ್ಯಕ್ಷನಾದ ನಾನು ಧರ್ಮ ಉಳಿಸಲು ಹೊರಟಿದ್ದೆ.

‘ಏನ್ರಿ ಅಕ್ಕೋರ, ಯಾವ ಮಠದ ದೀಕ್ಷಾ ಕೊಡಾಕತ್ತೀರಿ?’ ಎಂದು ಗದರಿದೆ.

ಶಿಕ್ಷಕಿ ಪಠ್ಯಪುಸ್ತಕದಲ್ಲಿದ್ದ ಕ್ಯೂಆರ್ ಕೋಡ್‌ಗೆ ತಮ್ಮ ಮೊಬೈಲ್ ಹಿಡಿದರು. ಪರದೆಯಲ್ಲಿ ಹೃದಯವೊಂದು ಬಡಿಯತೊಡಗಿತು. ‘ದೀಕ್ಷಾ ಅಂದ್ರ ಸರ್ಕಾರದ ಪಾಠದ ಆ್ಯಪ್ ಐತ್ರಿ ಯಜಮಾನ್ರ, ಮೊಬೈಲ್‌ನ್ಯಾಗ ಹಚ್ಚಿ ತೋರಸ್ತೀವಿ’ ಎಂದರು.

‘ಅಜ್ಜಾ, ಇದನ್ನ ಹಚ್ಚಾಕ ಸ್ವಾಮಿಗೋಳು ಬ್ಯಾಡ, ನೆಟ್ ಇದ್ರ ಸಾಕು!’ ಎಂದಳು ಮೊಮ್ಮಗಳು. ತರಗತಿಯೆಲ್ಲ ನಕ್ಕಿತು. ನನ್ನ ಜತೆ ಬಂದ ಹಿರಿಯರೂ ನಕ್ಕರು. ಶಿಕ್ಷಕಿಯೊಬ್ಬರೇ ನಗಲಿಲ್ಲ.

‘ತಪ್ಪಾತ್ರಿ’ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅಂದೇ ಸಭೆ ಕರೆದು, ಶಿಕ್ಷಕರು ತರಗತಿಗೆ ಮೊಬೈಲ್ ತರಬಾರದೆಂದು ಠರಾವು ಬರೆಸಿದೆ. ಅದರ ಫೋಟೊವನ್ನು ನನ್ನ ಮೊಬೈಲಿನಿಂದಲೇ ಊರಿಗೆಲ್ಲ ಕಳಿಸಿದೆ. ಮರುದಿನ ಶಿಕ್ಷಕಿ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೃದಯ ಬರೆದು ಪಾಠ ಮಾಡಿದರು. ಅದು ಬಡಿಯಲಿಲ್ಲ.

ಮುಂದಿನ ವರ್ಷ ಅವರು ವರ್ಗಾವಣೆ ಕೇಳಿಕೊಂಡು ಕುಷ್ಟಗಿ ಕಡೆ ಹೋದರು. ಬೀಳ್ಕೊಡುಗೆಯಲ್ಲಿ ‘ಆದರ್ಶ ಶಿಕ್ಷಕಿ’ ಎಂದು ಉದ್ದದ ಭಾಷಣ ಬಿಗಿದವನೂ ನಾನೇ. ಕ್ಷಮೆಯನ್ನು ಮಾತ್ರ ಇಂದಿಗೂ ಕೇಳಿಲ್ಲ. ಅವರ ಹೆಸರು ಗಿರಿಜಾ ಅಕ್ಕೋರು.