ಗೌಡರ ಗಾಡಿಯ ಬಾಯಿ ಮುಚ್ಚಿಸಿದ ಜವರಯ್ಯ

ಮೂವತ್ತೆಂಟನೇ ಇಸವಿಯ ಸುಮಾರಿಗೆ ನಾನು ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಅಲ್ಲಿ ಕಣ್ಣು ಮುಚ್ಚಿ ನಂಬಬಹುದಾಗಿದ್ದ ಸಂಗತಿಗಳು ಎರಡೇ. ಒಂದು, ಯಜಮಾನರಾದ ತಿಮ್ಮಪ್ಪಗೌಡರ ಮೋಟಾರ್ ಸೈಕಲ್ಲಿನ ಸದ್ದು. ಇನ್ನೊಂದು, ಜವರಯ್ಯನ ಕೈಕೆಲಸ. ದೇವರೂ ಇದ್ದ, ಆದರೆ ಕರೆದಾಗ ಬರುತ್ತಿರಲಿಲ್ಲ.

ಜವರಯ್ಯ ಪಲ್ಪರ್ ಮನೆಯ ರಿಪೇರಿಯವನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರ ಕೆಮ್ಮಿದರೆ ಇವನಿಗೆ ಜ್ವರ ಬರುತ್ತಿತ್ತು. ಅವನು ಬಿಗಿದ ನಟ್ಟು ಸಡಿಲಾಯಿತು ಎಂದು ಯಾರಾದರೂ ಅಂದರೆ ಮೂರು ದಿನ ಮಾತು ಬಿಡುತ್ತಿದ್ದ. ಮೇಸ್ತ್ರಿಯೊಬ್ಬ ತಮಾಷೆಗೆ ಹಾಗಂದು, ಮುಂದಿನ ಯುಗಾದಿಯವರೆಗೆ ಅವನ ಬಾಯಿಂದ ಒಂದು ನಮಸ್ಕಾರವನ್ನೂ ಕೇಳಲಿಲ್ಲ. ಇಂಥ ಜಂಭದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ, ಕನ್ನಡಿಯಲ್ಲಿ ಬಿಟ್ಟರೆ.

ಗೌಡರ ಗಾಡಿಯ ಸೈಲೆನ್ಸರು ತುಕ್ಕು ಹಿಡಿದು ತೂತುಬಿದ್ದಿತ್ತು. ಅವರು ಮನೆ ಬಿಟ್ಟರೆಂದರೆ ನಾಲ್ಕು ತಿರುವಿನಾಚೆಗೇ ಸದ್ದು ಕೇಳುತ್ತಿತ್ತು. ಕೇಳಿದ ಕೂಡಲೇ ಕೂತವರು ಏಳುತ್ತಿದ್ದರು, ಎಲೆಅಡಿಕೆ ಉಗಿಯುತ್ತಿದ್ದರು, ಆಫೀಸಿನ ಮೇಜಿನ ಮೇಲೆ ತಲೆಯಿಟ್ಟಿದ್ದ ನಾನು ಪೆನ್ನು ಹುಡುಕುತ್ತಿದ್ದೆ. ಯಾಕೆಂದರೆ ಗೌಡರದು ಒಂದು ಕಾನೂನಿತ್ತು. ಹಣ್ಣು ಕೊಯ್ಯುವ ಹೊತ್ತಿನಲ್ಲಿ ಕೂತವರು ಅವತ್ತೇ ತೋಟದ ಆಳುಗಳ ಲೈನ್ ಮನೆ ಖಾಲಿ ಮಾಡಬೇಕು.

ಜವರಯ್ಯನ ಹೆಂಡತಿ ಹುಚ್ಚಮ್ಮ ಕೂರಲೇಬೇಕಾದವಳು. ಹಿಂದಿನ ಮಳೆಗಾಲದಲ್ಲಿ ತೋಟದ ಚರಂಡಿಗೆ ಜಾರಿ ಬಿದ್ದು ಅವಳ ಮೊಣಕಾಲು ಕೆಟ್ಟಿತ್ತು. ಒಂದು ಗಿಡ ಕೊಯ್ದರೆ ಎರಡು ನಿಮಿಷ ಖಾಲಿ ಬುಟ್ಟಿ ಬೋರಲು ಹಾಕಿ ಕೂರಬೇಕು. ಗಾಡಿಯ ಸದ್ದು ಕೇಳಿದರೆ ಕೊಂಬೆ ಹಿಡಿದು ನಿಧಾನಕ್ಕೆ ಏಳುತ್ತಿದ್ದಳು. ನಾಲ್ಕು ತಿರುವು ಅವಳಿಗೆ ಸರಿಯಾಗಿ ಸಾಕಾಗುತ್ತಿತ್ತು.

ಹೀಗಿರುವಾಗ ಗೌಡರು ಮದ್ರಾಸಿನಿಂದ ಹೊಸ ಪೈಪು, ಹೊಸ ಸೈಲೆನ್ಸರು ತರಿಸಿದರು. ಸಂತೆಯ ದಿನ, ಕೆಲಸಕ್ಕೆ ರಜೆ. ಗಾಡಿಯನ್ನು ಜವರಯ್ಯನ ಮನೆ ಮುಂದೆ ತಂದು ನಿಲ್ಲಿಸಿದರು.

"ಸಂಜೆಯೊಳಗೆ ಕೂರಿಸ್ಬೇಕು ಜವರಾ. ಬೆಕ್ಕು ಬಂದಂಗೆ ಬರ್ಬೇಕು ನಾನು. ಎಷ್ಟು ಜನ ಕೂತಿರ್ತಾರೆ ಅಂತ ನೋಡೇಬಿಡಾಣ."

ಅವರು ಅತ್ತ ಹೋದದ್ದೇ ತಡ, ಇಡೀ ಲೈನು ಸಂತೆ ಮರೆತು ಅಂಗಳಕ್ಕೆ ಬಂತು. ಬುದ್ಧಿ ಹೇಳಲು ನಾನೂ ಹೋದೆ. ಒಂದು ಸಣ್ಣ ತೂತು ಹೊಡೆದುಬಿಡು ಎಂಬುದೇ ಎಲ್ಲರ ಬುದ್ಧಿ.

ಜವರಯ್ಯ ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಬಿಟ್ಟ, ಇದ್ದಿಲ ಕೆಂಡ ಹಿಡಿದು ಕಾಯಿಸಿದ, ಹಳೇ ಪೈಪನ್ನು ತಟ್ಟಿ ತಟ್ಟಿ ಕಳಚಿದ. ಹೊಸದು ಬೇರೆ ಗಾಡಿಗೆ ಮಾಡಿದ್ದು, ತೂತಿಗೆ ತೂತು ಕೂಡಲಿಲ್ಲ. ನಮಗೆಲ್ಲ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅವನು ಹಳೇ ಪೀಪಾಯಿಯ ಪಟ್ಟಿ ಕತ್ತರಿಸಿ ಹೊಸ ಕ್ಲಾಂಪೇ ಮಾಡಿದ. ಹೊಗೆ ಸೋರದಂತೆ ಪಲ್ಪರಿನ ಹಳೇ ತಾಮ್ರದ ತಗಡಿನಲ್ಲಿ ಬಳೆ ಕೊಯ್ದು ಎಂಜಿನ್ನಿನ ಬಾಯಿಗೆ ಕೂರಿಸಿದ.

"ತೂತು ಹೊಡಿ ಮಾರಾಯ, ನಿಂಗೆ ಕೈಮುಗಿತೀನಿ," ಎಂದಳು ಹುಚ್ಚಮ್ಮ.

ಅವನು ಮೊಳೆ ತೆಗೆದುಕೊಂಡ, ಸೈಲೆನ್ಸರಿನ ಮೇಲಿಟ್ಟ, ಸುತ್ತಿಗೆ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಸುಮಾರು ಹೊತ್ತಿನ ಮೇಲೆ ಸುತ್ತಿಗೆ ಕೆಳಗಿಟ್ಟು, "ಕೈ ಬರ್ತಿಲ್ಲ ಕಣೆ," ಎಂದ. ಕಣ್ಣಲ್ಲಿ ನೀರಿತ್ತು. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು, ಪಾಪ ಎಂದೂ ಅನ್ನಿಸಿತು. ಅವತ್ತು ಹುಚ್ಚಮ್ಮ ಅವನಿಗೆ ಊಟ ಬಡಿಸಲಿಲ್ಲ.

ಮಾರನೆಯ ದಿನ ಗೌಡರು ನನ್ನನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡರು. ಕೂತವರ ಹೆಸರು ಬರೆದುಕೊಳ್ಳಲು ನನ್ನ ಕೈಯಲ್ಲಿ ಪುಸ್ತಕ. ಗಾಡಿಯ ಸದ್ದು ಪಕ್ಕದ ಹಳ್ಳದ ಸದ್ದಿನಲ್ಲಿ ಮುಳುಗಿಹೋಗಿತ್ತು. ದರಿದ್ರದವನು ಅಷ್ಟು ಚೆನ್ನಾಗಿ ಕೂರಿಸಿದ್ದ. ಕೊನೆಯ ತಿರುವಿನಲ್ಲಿ ಎಂಜಿನ್ ಆರಿಸಿ, ಸಿಲ್ವರ್ ಮರದ ಮರೆಯಲ್ಲಿ ನಿಂತೆವು.

ಹತ್ತು ಮಾರು ದೂರದಲ್ಲಿ ಹುಚ್ಚಮ್ಮ ಬೋರಲು ಬುಟ್ಟಿಯ ಮೇಲೆ ಕೂತಿದ್ದಳು. ಸುತ್ತ ಏಳೆಂಟು ಹೆಂಗಸರು. "ದುಬುದುಬುದುಬು" ಎಂದು ಹಳೇ ಗಾಡಿಯ ಸದ್ದು ಮಾಡಿದಳು. ಉಳಿದವರು ಅಭ್ಯಾಸಬಲದಿಂದ ಎದ್ದುನಿಂತು, ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ಯಾರೇ ಅದು ಕೂತಿರೋದು!" ಎಂದು ಗೌಡರ ದನಿಯಲ್ಲಿ ಗುಡುಗಿದಳು. ಮರುಕ್ಷಣ ಸಣ್ಣ ದನಿ ತೆಗೆದು, "ಪಾಪೂ, ಉಗ್ರಾಣದ ಬೀಗದ್ಕೈ ಕೊಡೇ. ಒಂದೇ ಒಂದು ಚೂರು ಬೆಲ್ಲ ತಿಂತೀನಿ ಕಣೇ."

ಇದು ಅಕ್ಷರಶಃ ನಿಜ. ಗೌಡರ ಹೆಂಡತಿ ಪಾಪಮ್ಮನವರು ಬೆಲ್ಲಕ್ಕೆ ಬೀಗ ಹಾಕಿಟ್ಟಿದ್ದರು. ನಾನು ನಗು ತಡೆಯಲು ಪುಸ್ತಕದ ಅಂಚು ಕಚ್ಚಿದೆ. ಗೌಡರ ಕಿವಿಯ ಹಿಂಭಾಗ ಕೆಂಪಾಗುತ್ತಿದ್ದುದು ನನಗೆ ಕಾಣುತ್ತಿತ್ತು.

ಅಷ್ಟರಲ್ಲಿ ಯಾರೋ, "ಸಾಕು, ಏಳೇ ಹುಚ್ಚಮ್ಮ," ಎಂದರು. ಅವಳು ಕೊಂಬೆ ಹಿಡಿದು ಏಳಲು ನೋಡಿದಳು, ಆಗಲಿಲ್ಲ, ಧೊಪ್ಪನೆ ಬುಟ್ಟಿಯ ಮೇಲೆ ಬಿದ್ದಳು. ಮತ್ತೊಮ್ಮೆ ಪ್ರಯತ್ನಿಸಿದಳು. ನಗುತ್ತಿದ್ದ ಮುಖ ನೋವಿಗೆ ಕಿವುಚಿಹೋಯಿತು. ಕೊನೆಗೆ ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿದರು.

"ಹೆಸ್ರು ಬರೀಲಾ ಗೌಡ್ರೇ?" ಎಂದು ಪಿಸುಗುಟ್ಟಿದೆ. ಕೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಮುಚ್ಚಿ ಪುಸ್ತಕಾನ. ಇಳೀರಿ, ಗಾಡಿ ತಳ್ಳಿ. ಸ್ಟಾರ್ಟ್ ಮಾಡಾದು ಬ್ಯಾಡ."

ಅರ್ಧ ಮೈಲಿ ಏರು. ಗೌಡರು ಹ್ಯಾಂಡಲ್ ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ಇಬ್ಬರೂ ಉಸಿರು ಕಟ್ಟಿ ಪಲ್ಪರ್ ಮನೆಗೆ ಬಂದೆವು.

"ಹಳೇ ಪೈಪು ಎಸ್ದುಬಿಟ್ಯಾ ಜವರಾ?"

ಜವರಯ್ಯ ಅಟ್ಟದಿಂದ ಗೋಣಿಯ ಕಟ್ಟೊಂದನ್ನು ಇಳಿಸಿದ. ಎಣ್ಣೆ ಸವರಿ ಸುತ್ತಿಟ್ಟಿದ್ದ.

"ಇದನ್ನೇ ಹಾಕು. ಹೊಸದ್ರಲ್ಲಿ ಗಾಡಿಗೆ ದಮ್ಮಿಲ್ಲ," ಎಂದರು ಗೌಡರು. ಜವರಯ್ಯ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಸ್ಪ್ಯಾನರ್ ತೆಗೆದುಕೊಂಡ.

ಅಲ್ಲಿಂದಾಚೆಗೆ ಒಂದು ಹೊಸ ಪದ್ಧತಿ ಶುರುವಾಯಿತು. ಅವತ್ತು ಹುಚ್ಚಮ್ಮ ಹಣ್ಣು ಕೊಯ್ಯುವ ತೋಟದ ಪಟ್ಟೆ ಯಾವುದೆಂದು ಗೌಡರು ಬೆಳಿಗ್ಗೆಯೇ ನನ್ನನ್ನು ಕೇಳಿಕೊಳ್ಳುತ್ತಿದ್ದರು. ಅದರ ಹಿಂದಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಐದು ನಿಮಿಷ ಆಕ್ಸಿಲರೇಟರ್ ತಿರುವಿ ತಿರುವಿ ಕಾಡೆಲ್ಲ ನಡುಗುವಂತೆ ಗರ್ಜಿಸುತ್ತಿದ್ದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಥತ್, ಈ ಜವರ ಪ್ಲಗ್ಗು ಸರಿಯಾಗಿ ಕೂರ್ಸಿಲ್ಲ!" ಎಂದು ಬೈದುಕೊಂಡು ಮುಂದೆ ಬರುತ್ತಿದ್ದರು. ಹುಚ್ಚಮ್ಮ ಎದ್ದು ನಿಂತು ಹಣ್ಣು ಕೊಯ್ಯುತ್ತಿದ್ದಳು.

ಪ್ಲಗ್ಗಿಗೆ ಏನೂ ಆಗಿರಲಿಲ್ಲ. ಅದು ಜವರಯ್ಯನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ವಾರಕ್ಕೊಮ್ಮೆ ಗೌಡರು ಹತ್ತು ಜನರೆದುರು, "ಪ್ಲಗ್ಗು ನೋಡು ಮಾರಾಯ, ನಿನ್ನ ಕೆಲ್ಸ ಇತ್ತೀಚೆಗೆ ಭಾರಿ ಸಡಿಲ," ಎನ್ನುವರು. ಒಂದು ನಟ್ಟಿನ ಮಾತಿಗೆ ಯುಗಾದಿಯವರೆಗೆ ಮುಖ ತಿರುಗಿಸಿದ್ದ ಆ ಮನುಷ್ಯ ತಲೆ ತಗ್ಗಿಸಿ, ಚೆನ್ನಾಗಿಯೇ ಇದ್ದ ಪ್ಲಗ್ಗನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸುತ್ತಿದ್ದ.

"ತಪ್ಪಾಯ್ತು ಅಯ್ಯಾ," ಎನ್ನುತ್ತಿದ್ದ.